ಡೆಡ್‌ಲಾಕ್ ಪತ್ತೆಗೆ ಐದು ದಾರಿ: ನಿಮ್ಮ ಶೆಡ್ಯೂಲರ್‌ಗೆ ಯಾವುದು ಸರಿ?

ಡೆಡ್‌ಲಾಕ್ ಎಂದರೆ ಟಾಸ್ಕ್‌ಗಳು (ಪ್ರೋಗ್ರಾಂ ಒಳಗೆ ಒಟ್ಟಿಗೆ ಓಡುವ ಕೆಲಸಗಳು) ಎಂದೂ ಬಾರದ ಎಚ್ಚರಿಕೆಗೆ ಕಾಯುತ್ತ ಸಿಕ್ಕಿಬೀಳುವುದು. ಯಾವ ಟಾಸ್ಕ್ ಯಾವಾಗ ಓಡಬೇಕೆಂದು ತೀರ್ಮಾನಿಸುವುದು ಶೆಡ್ಯೂಲರ್. ಗೋ ಭಾಷೆಯಲ್ಲಿ ಹತ್ತು ಸಾಲಿನ ಒಂದು ಪ್ರೋಗ್ರಾಂ ಬರೆಯಿರಿ. ಒಂದು ಚಾನೆಲ್ (ಟಾಸ್ಕ್‌ಗಳು ಒಂದಕ್ಕೊಂದು ಮೌಲ್ಯ ಕಳಿಸುವ ಕೊಳವೆ) ಮಾಡಿ, ಯಾರೂ ಏನೂ ಕಳಿಸದ ಆ ಚಾನೆಲ್‌ನಿಂದ ಓದಲು ಮೇನ್ ಕಾಯಲಿ. ಓಡಿಸಿದ ತಕ್ಷಣ ‘ಆಲ್ ಗೋರುಟೀನ್ಸ್ ಆರ್ ಅಸ್ಲೀಪ್ - ಡೆಡ್‌ಲಾಕ್!’ ಎಂಬ ಸಂದೇಶ ಬಂದು, ಎಕ್ಸಿಟ್ ಕೋಡ್ 2ರೊಂದಿಗೆ ಪ್ರೋಗ್ರಾಂ ಮುಗಿಯುತ್ತದೆ. ಈಗ ಅದಕ್ಕೇ ಇನ್ನೊಂದು ಗೋರುಟೀನ್ (ಗೋದ ಹಗುರ ಟಾಸ್ಕ್) ಸೇರಿಸಿ. ಅದು ಸೆಕೆಂಡಿಗೊಮ್ಮೆ ಎದ್ದು, ಏನೂ ಮಾಡದೆ ಮತ್ತೆ ಸ್ಲೀಪ್‌ಗೆ ಹೋಗಲಿ. ಮೇನ್‌ನ ಪಾಡು ಎಳ್ಳಷ್ಟೂ ಬದಲಾಗಿಲ್ಲ, ಅದನ್ನು ಎಬ್ಬಿಸುವವರು ಈಗಲೂ ಯಾರೂ ಇಲ್ಲ. ಆದರೂ ಈ ಸಲ ಸಂದೇಶ ಬರುವುದಿಲ್ಲ, ಪ್ರೋಗ್ರಾಂ ಸದ್ದಿಲ್ಲದೆ ಹ್ಯಾಂಗ್ ಆಗಿ ಕೂರುತ್ತದೆ.

ಇದು ಬಗ್ ಏನಲ್ಲ. ಗೋ ರನ್‌ಟೈಮ್ (ಪ್ರೋಗ್ರಾಂ ಜೊತೆಗೇ ಓಡುತ್ತ ಅದನ್ನು ನಡೆಸುವ ಭಾಗ) ಕೇಳುವುದು ‘ಇಡೀ ಪ್ರೋಗ್ರಾಂನಲ್ಲಿ ಮುಂದೆ ಓಡಬಲ್ಲವರು ಯಾರಾದರೂ ಉಳಿದಿದ್ದಾರೆಯೇ’ ಎಂಬ ಒಂದೇ ಪ್ರಶ್ನೆ. ಸೆಕೆಂಡಿಗೊಮ್ಮೆ ಏಳುವ ಗೋರುಟೀನ್ ಇರುವ ತನಕ ಉತ್ತರ ‘ಹೌದು’. ಡೆಡ್‌ಲಾಕ್ ಪತ್ತೆಗೆ ಬಳಕೆಯಲ್ಲಿರುವ ಐದು ವಿಧಾನಗಳೂ ಹೀಗೆ ಒಂದೊಂದು ಬೇರೆ ಪ್ರಶ್ನೆ ಕೇಳುತ್ತವೆ. ಹಾಗಾಗಿ ಯಾವುದು ಒಳ್ಳೆಯದು ಎಂದು ಕೇಳುವ ಮೊದಲು, ನಿಮ್ಮ ಟಾಸ್ಕ್‌ಗಳು ಯಾವುದಕ್ಕಾಗಿ ಕಾಯುತ್ತವೆ ಎಂದು ನೋಡಿಕೊಳ್ಳಬೇಕು.

ಕಾಯುವಿಕೆಗೆ ಒಡೆಯ ಇದ್ದಾನೆಯೇ?

1971ರಲ್ಲಿ ಕಾಫ್‌ಮನ್, ಎಲ್ಫಿಕ್, ಶೋಷಾನಿ ಪಟ್ಟಿ ಮಾಡಿದ ನಾಲ್ಕು ಷರತ್ತುಗಳನ್ನು ಎಲ್ಲರೂ ಓದಿರುತ್ತಾರೆ: ಒಂದು ಸಮಯಕ್ಕೆ ಒಬ್ಬರಿಗೇ ಮೀಸಲು, ಒಂದನ್ನು ಹಿಡಿದುಕೊಂಡೇ ಇನ್ನೊಂದಕ್ಕೆ ಕಾಯುವುದು, ಹಿಡಿದದ್ದನ್ನು ಕಿತ್ತುಕೊಳ್ಳಲಾಗದಿರುವುದು, ಸುತ್ತು ಕಾಯುವಿಕೆ. ಇವು ಲಾಕ್‌ಗಳ ಲೋಕಕ್ಕೆ ಚೆನ್ನಾಗಿ ಹೊಂದುತ್ತವೆ. ಇವತ್ತಿನ ರನ್‌ಟೈಮ್‌ಗಳಲ್ಲಿ ಮಾತ್ರ ಎಷ್ಟೋ ಕಾಯುವಿಕೆ ಲಾಕ್‌ಗಾಗಿ ಇರುವುದಿಲ್ಲ.

ಮ್ಯೂಟೆಕ್ಸ್‌ಗೆ, ಅಂದರೆ ಒಮ್ಮೆಗೆ ಒಬ್ಬರೇ ಹಿಡಿಯಬಹುದಾದ ಲಾಕ್‌ಗೆ, ಸಾಮಾನ್ಯವಾಗಿ ಒಬ್ಬ ಒಡೆಯ ಇರುತ್ತಾನೆ: ಅದನ್ನು ಬಿಡಬೇಕಾದ ಟಾಸ್ಕ್ ಯಾವುದು ಎಂದು ಬೆರಳಿಟ್ಟು ತೋರಿಸಬಹುದು. ಚಾನೆಲ್, ಸೆಮಫೋರ್ (ಎಣಿಕೆಯುಳ್ಳ ಪರವಾನಗಿ), ಕಂಡಿಷನ್ ವೇರಿಯಬಲ್ (ಷರತ್ತು ಈಡೇರಿದಾಗ ಎಬ್ಬಿಸುವ ಸಾಧನ) ಇವುಗಳಿಗೆ ಒಡೆಯನಿಲ್ಲ, ಅದರ ರೆಫರೆನ್ಸ್ ಕೈಯಲ್ಲಿರುವ ಯಾರು ಬೇಕಾದರೂ ಎಬ್ಬಿಸಬಹುದು. ಮೂರನೆಯ ಬಗೆ ಕಣ್ಣಿಗೇ ಬೀಳುವುದಿಲ್ಲ. ಟಾಸ್ಕ್ ಓಡಲು ಸಿದ್ಧವಾಗಿ ಕ್ಯೂನಲ್ಲಿದೆ, ಆದರೆ ಅದನ್ನು ಓಡಿಸಬೇಕಾದ ವರ್ಕರ್ ಥ್ರೆಡ್‌ಗಳೆಲ್ಲ ಅದರ ಫಲಿತಾಂಶಕ್ಕೇ ಕಾದು ಕುಳಿತಿವೆ.

ಕೆಳಗಿನ ಹೋಲಿಕೆಯೆಲ್ಲ ಈ ಮೂರರ ಮೇಲೆ ನಿಂತಿದೆ.

ಒಂದು: ಎಲ್ಲರೂ ಮಲಗಿದ್ದಾರೆಯೇ ಎಂದು ಎಣಿಸುವುದು

ಅತಿ ಅಗ್ಗದ ವಿಧಾನ. ಗೋ ರನ್‌ಟೈಮ್‌ನಲ್ಲಿ ‘ಚೆಕ್‌ಡೆಡ್’ ಎಂಬ ಫಂಕ್ಷನ್ ಈ ಕೆಲಸ ಮಾಡುತ್ತದೆ. ರೂಬಿಯಲ್ಲಿ ‘ನೋ ಲೈವ್ ಥ್ರೆಡ್ಸ್ ಲೆಫ್ಟ್. ಡೆಡ್‌ಲಾಕ್?’ ಎಂದು ಬರುವ ಮಾರಕ ದೋಷವೂ ಇದೇ ಜಾತಿಯದು. ಟಾಸ್ಕ್‌ಗಳು ಓಡುತ್ತಿರುವಾಗ ಇದಕ್ಕೆ ಖರ್ಚೇ ಇಲ್ಲ. ವರ್ಕರ್ ಒಂದು ನಿದ್ದೆಗೆ ಹೋಗುವಾಗ ಮಾತ್ರ ಒಂದು ಎಣಿಕೆ ನಡೆಯುತ್ತದೆ.

ಸ್ವಂತ ಶೆಡ್ಯೂಲರ್ ಬರೆಯುತ್ತಿದ್ದರೆ ಇಲ್ಲಿ ಕೈ ಸುಡುವುದು ಎಣಿಕೆಯ ಕ್ರಮದಲ್ಲಿ. ವರ್ಕರ್ ತನ್ನ ಕ್ಯೂ ಖಾಲಿ ಎಂದು ನೋಡಿದ್ದಕ್ಕೂ ‘ನಾನು ಮಲಗಿದೆ’ ಎಂದು ಲೆಕ್ಕಕ್ಕೆ ಸೇರಿದ್ದಕ್ಕೂ ನಡುವಿನ ಕಿರುಗಂಡಿಯಲ್ಲಿ ಇನ್ನೊಂದು ವರ್ಕರ್ ಹೊಸ ಟಾಸ್ಕ್ ಹಾಕಿ ತಾನೂ ಮಲಗಬಹುದು. ಆಗ ಎಣಿಕೆ ಪೂರ್ತಿಯಾಗುತ್ತದೆ, ಕ್ಯೂನಲ್ಲಿ ಕೆಲಸವೂ ಉಳಿದಿರುತ್ತದೆ, ರನ್‌ಟೈಮ್ ಸುಳ್ಳೇ ಡೆಡ್‌ಲಾಕ್ ಎಂದು ಕೂಗಿ ಪ್ರೋಗ್ರಾಂ ಕೊಲ್ಲುತ್ತದೆ. ಸರಿಯಾದ ಕ್ರಮ ಹೀಗೆ: ಮೊದಲು ‘ಕೆಲಸ ಹುಡುಕುತ್ತಿರುವವರ’ ಲೆಕ್ಕದಿಂದ ಹೊರಬನ್ನಿ, ಪೂರ್ಣ ಮೆಮೊರಿ ಫೆನ್ಸ್ (ಹಿಂದಿನ ಓದು-ಬರಹ ಮುಂದಿನವುಗಳ ಜೊತೆ ಅದಲುಬದಲಾಗದಂತೆ ತಡೆಯುವ ಸೂಚನೆ) ಹಾಕಿ, ಆಮೇಲೆ ಎಲ್ಲ ವರ್ಕರ್‌ಗಳ ಸ್ಥಳೀಯ ಕ್ಯೂಗಳನ್ನೂ ಜಾಗತಿಕ ಕ್ಯೂವನ್ನೂ ಮತ್ತೊಮ್ಮೆ ನೋಡಿ. ಏನೂ ಸಿಗದಿದ್ದರೆ ಶೆಡ್ಯೂಲರ್ ಲಾಕ್ ಹಿಡಿದು ಮಲಗಿದವರ ಪಟ್ಟಿಗೆ ಸೇರಿ. ಕೊನೆಯವರಾಗಿ ಸೇರಿದವರು ಮಾತ್ರ ಡೆಡ್‌ಲಾಕ್ ಪ್ರಶ್ನೆ ಕೇಳಬೇಕು. ಹೊಸ ಟಾಸ್ಕ್ ಹಾಕುವವರ ಕ್ರಮ ಇದರ ಕನ್ನಡಿ: ಮೊದಲು ಕ್ಯೂಗೆ ಹಾಕು, ಫೆನ್ಸ್, ಆಮೇಲೆ ಕೆಲಸ ಹುಡುಕುತ್ತಿರುವವರು ಇದ್ದಾರೆಯೇ ನೋಡು, ಇಲ್ಲದಿದ್ದರೆ ಒಬ್ಬರನ್ನು ಎಬ್ಬಿಸು. ಎರಡು ಕಡೆಯಲ್ಲಿ ಒಂದು ಕಡೆ ಕ್ರಮ ತಪ್ಪಿದರೂ ಸಾಕು, ಎಬ್ಬಿಸುವ ಸಂಕೇತ ಕಳೆದುಹೋಗುತ್ತದೆ.

ಕ್ಯೂಗಳಷ್ಟೇ ಅಲ್ಲದೆ ಹೊರಗಿನಿಂದ ಬರಬಹುದಾದ ಎಚ್ಚರಿಕೆಗಳೂ ಲೆಕ್ಕಕ್ಕೆ ಬರಬೇಕು: ಬಾಕಿ ಇರುವ ಟೈಮರ್, ನೆಟ್‌ವರ್ಕ್ ಪೋಲರ್‌ನಲ್ಲಿ ಕಾದಿರುವ ಸಾಕೆಟ್, ಬ್ಲಾಕಿಂಗ್ ಪೂಲ್‌ನಲ್ಲಿ ನಡೆಯುತ್ತಿರುವ ಫೈಲ್ ಓದು, ಸಿಗ್ನಲ್ ಹ್ಯಾಂಡ್ಲರ್, ಸಿ ಲೈಬ್ರರಿಯಿಂದ ಮರಳಿ ಬರಬಹುದಾದ ಕಾಲ್‌ಬ್ಯಾಕ್. ಇವುಗಳಲ್ಲಿ ಒಂದು ಇದ್ದರೂ ‘ಡೆಡ್‌ಲಾಕ್’ ಎನ್ನುವ ಹಕ್ಕು ನಿಮಗಿಲ್ಲ. ಗೋ ಕೂಡ ಹಾಗೇ ಮಾಡುತ್ತದೆ. ಟೈಮರ್ ಒಂದು ಬಾಕಿ ಇದ್ದರೆ ಸುಮ್ಮನಾಗುತ್ತದೆ, ಸಿ ಪ್ರೋಗ್ರಾಂಗೆ ಲೈಬ್ರರಿಯಾಗಿ ಸೇರಿಕೊಳ್ಳುವಂತೆ ಬಿಲ್ಡ್ ಮಾಡಿದ್ದರೆ ಪ್ರಶ್ನೆಯನ್ನೇ ಕೇಳುವುದಿಲ್ಲ.

ಮಿತಿಯೂ ಇಲ್ಲೇ ಇದೆ. ಪೋರ್ಟ್ ತೆರೆದು ಕೂತ ಯಾವ ಸರ್ವರ್‌ನಲ್ಲೂ ಈ ಷರತ್ತು ಎಂದೂ ಪೂರ್ತಿಯಾಗುವುದಿಲ್ಲ. ಸಾವಿರ ಗೋರುಟೀನ್ ಸಿಕ್ಕಿಬಿದ್ದಿದ್ದರೂ ಒಂದು ಸಾಕೆಟ್ ಕೇಳುತ್ತಿದ್ದರೆ ಸಾಕು, ರನ್‌ಟೈಮ್‌ಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಕಮಾಂಡ್‌ಲೈನ್ ಉಪಕರಣ, ಕಂಪೈಲರ್, ಬ್ಯಾಚ್ ಕೆಲಸ, ಕಲಿಯುವವರ ಪ್ರೋಗ್ರಾಂಗಳಿಗೆ ಇದು ತುಂಬ ಒಳ್ಳೆಯದು. ಸರ್ವರ್ ಓಡಿಸುವವರು ‘ನಮ್ಮ ಭಾಷೆಯಲ್ಲಿ ಡೆಡ್‌ಲಾಕ್ ಪತ್ತೆ ಇದೆ’ ಎಂದು ನಿಶ್ಚಿಂತರಾಗಿದ್ದರೆ ಅದು ಬರೀ ಭ್ರಮೆ.

ಇದೇ ಪ್ರಶ್ನೆಯನ್ನು ಚಿಕ್ಕ ಪ್ರಪಂಚದೊಳಗೆ ಕೇಳಿದರೆ ಮಾತ್ರ ಅದಕ್ಕೆ ಮತ್ತೆ ಹರಿತ ಬರುತ್ತದೆ. ಗೋ 1.24ರಲ್ಲಿ ಪ್ರಯೋಗವಾಗಿ ಬಂದು 1.25ರಲ್ಲಿ ಕಾಯಂ ಆದ ‘ಸಿಂಕ್‌ಟೆಸ್ಟ್’ ಪ್ಯಾಕೇಜ್ ಮಾಡುವುದು ಇದನ್ನೇ. ಟೆಸ್ಟ್ ಒಂದು ಗುಳ್ಳೆಯೊಳಗೆ ನಡೆಯುತ್ತದೆ, ಗಡಿಯಾರ ಕೃತಕ. ಗುಳ್ಳೆಯೊಳಗಿನ ಎಲ್ಲ ಗೋರುಟೀನ್‌ಗಳೂ ಕಾಯುತ್ತಿದ್ದು, ಬಾಕಿ ಟೈಮರ್ ಇದ್ದರೆ ಗಡಿಯಾರ ಅಲ್ಲಿಗೇ ಜಿಗಿಯುತ್ತದೆ, ಇಲ್ಲದಿದ್ದರೆ ಡೆಡ್‌ಲಾಕ್ ಎಂದು ಪ್ಯಾನಿಕ್. ಗುಳ್ಳೆಯ ಹೊರಗೆ ಏನು ಓಡುತ್ತಿದೆ ಎಂಬುದು ಗಣನೆಗೆ ಬರುವುದಿಲ್ಲ. ಒಂದು ಎಚ್ಚರ: ಇಲ್ಲಿ ಮ್ಯೂಟೆಕ್ಸ್‌ಗೆ ಕಾಯುವುದನ್ನೂ ನೆಟ್‌ವರ್ಕ್‌ಗೆ ಕಾಯುವುದನ್ನೂ ‘ಗಟ್ಟಿ ಕಾಯುವಿಕೆ’ ಎಂದು ಪರಿಗಣಿಸುವುದಿಲ್ಲ, ಏಕೆಂದರೆ ಹೊರಗಿನವರು ಎಬ್ಬಿಸಬಹುದು. ಹಾಗಾಗಿ ಮ್ಯೂಟೆಕ್ಸ್ ಡೆಡ್‌ಲಾಕ್ ಆದ ಟೆಸ್ಟ್, ಗೋ ಟೆಸ್ಟ್‌ನ ಸಾಮಾನ್ಯ ಗಡುವಾದ 10 ನಿಮಿಷದವರೆಗೂ ಎಳೆಯುತ್ತದೆ. ಅಂಥ ಟೆಸ್ಟ್‌ಗಳಿಗೆ ಗಡುವನ್ನು ನೀವೇ ಒಂದು ನಿಮಿಷಕ್ಕೆ ಇಳಿಸಿಕೊಳ್ಳಿ.

ಎರಡು: ಯಾರು ಯಾರಿಗೆ ಕಾಯುತ್ತಿದ್ದಾರೆ ಎಂಬ ಗ್ರಾಫ್

ಜಾವಾದವರಿಗೆ ಇದು ಹಳೆಯ ಪರಿಚಯ. ಹ್ಯಾಂಗ್ ಆದ ಪ್ರೋಸೆಸ್ ಮೇಲೆ ‘ಜೆಸ್ಟ್ಯಾಕ್’ (ಎಲ್ಲ ಥ್ರೆಡ್‌ಗಳ ಸ್ಥಿತಿ ತೋರಿಸುವ ಉಪಕರಣ) ಓಡಿಸಿದರೆ ಕೊನೆಯಲ್ಲಿ ‘ಫೌಂಡ್ ಒನ್ ಜಾವಾ-ಲೆವೆಲ್ ಡೆಡ್‌ಲಾಕ್’ ಎಂದು ಬರುತ್ತದೆ. ಕೆಳಗೆ ಮೊದಲ ಥ್ರೆಡ್ ಯಾವ ಮಾನಿಟರ್‌ಗೆ (ಜಾವಾ ವಸ್ತುವಿನ ಲಾಕ್‌ಗೆ) ಕಾಯುತ್ತಿದೆ, ಅದು ಯಾರ ಕೈಯಲ್ಲಿದೆ, ಅವರು ಯಾವುದಕ್ಕೆ ಕಾಯುತ್ತಿದ್ದಾರೆ ಎಂಬ ಸರಪಳಿ ಇರುತ್ತದೆ. ಪ್ರೋಗ್ರಾಂ ಒಳಗಿನಿಂದ ‘ಥ್ರೆಡ್ಎಂಎಕ್ಸ್‌ಬೀನ್’‌ನ ‘ಫೈಂಡ್‌ಡೆಡ್‌ಲಾಕ್ಡ್‌ಥ್ರೆಡ್ಸ್’ ಕರೆಯಬಹುದು. ಸಿಂಕ್ರೊನೈಸ್ಡ್ ಬ್ಲಾಕ್‌ಗಳನ್ನೂ ರೀಎಂಟ್ರೆಂಟ್‌ಲಾಕ್‌ನಂಥ ಒಡೆಯನುಳ್ಳ ಲಾಕ್‌ಗಳನ್ನೂ ಇದು ನೋಡುತ್ತದೆ. ಸೆಮಫೋರ್, ಕೌಂಟ್‌ಡೌನ್‌ಲ್ಯಾಚ್, ರೀಡ್ ಲಾಕ್ ಹಿಡಿದವರು ಯಾರೂ ಇದರ ಕಣ್ಣಿಗೆ ಬೀಳುವುದಿಲ್ಲ, ಅವುಗಳಲ್ಲಿ ಒಡೆಯ ಯಾರೆಂದು ಬರೆದಿಡುವ ಜಾಗವೇ ಇಲ್ಲ. ಜಾವಾ 21ರ ವರ್ಚುಯಲ್ ಥ್ರೆಡ್‌ಗಳು (ಓಎಸ್ ಬದಲು ಜಾವಾ ತಾನೇ ನಡೆಸುವ ಹಗುರ ಥ್ರೆಡ್‌ಗಳು) ಸೇರಿಕೊಂಡ ಡೆಡ್‌ಲಾಕ್‌ಗಳನ್ನೂ ಈ ಕರೆ ಹುಡುಕುವುದಿಲ್ಲ. ಎಲ್ಲವನ್ನೂ ವರ್ಚುಯಲ್ ಥ್ರೆಡ್‌ಗೆ ಬದಲಿಸಿ, ಹಳೆಯ ಮಾನಿಟರಿಂಗ್ ಕೋಡ್ ಹಾಗೇ ಉಳಿಸಿಕೊಂಡಿದ್ದರೆ, ಅದು ಈಗ ಯಾವುದಕ್ಕೂ ಕಾವಲಾಗಿಲ್ಲ ಎಂದೇ ತಿಳಿಯಿರಿ.

ಇದನ್ನು ನಿಮ್ಮ ರನ್‌ಟೈಮ್‌ಗೆ ಸೇರಿಸುವುದು ಅಂದುಕೊಂಡದ್ದಕ್ಕಿಂತ ಸುಲಭ. ಒಂದು ಟಾಸ್ಕ್ ಒಮ್ಮೆಗೆ ಒಂದೇ ಲಾಕ್‌ಗೆ ಕಾಯುವುದಾದರೆ ಗ್ರಾಫ್‌ನಲ್ಲಿ ಪ್ರತಿ ಟಾಸ್ಕ್‌ನಿಂದ ಹೊರಡುವ ಗೆರೆ ಒಂದೇ. ಟಾಸ್ಕ್‌ನಲ್ಲಿ ‘ಯಾವ ಲಾಕ್‌ಗೆ ಕಾಯುತ್ತಿದ್ದೇನೆ’ ಎಂಬ ಒಂದು ಪಾಯಿಂಟರ್, ಲಾಕ್‌ನಲ್ಲಿ ‘ಒಡೆಯ ಯಾರು’ ಎಂಬ ಇನ್ನೊಂದು, ತಲಾ 8 ಬೈಟ್. ಸುತ್ತು ಹುಡುಕುವುದೆಂದರೆ ಈ ಎರಡನ್ನೂ ಸರದಿಯಲ್ಲಿ ಹಿಂಬಾಲಿಸುವುದು: ಹೊರಟ ಟಾಸ್ಕ್‌ಗೇ ಮರಳಿದರೆ ಡೆಡ್‌ಲಾಕ್, ಓಡುತ್ತಿರುವ ಟಾಸ್ಕ್ ಸಿಕ್ಕರೆ ನಿಲ್ಲಿಸಿ. ಹೊರಟಲ್ಲಿಗೆ ಬರದೆ ಮುಂದಿನ ಯಾವುದೋ ಸುತ್ತಿನಲ್ಲೇ ತಿರುಗುತ್ತಿರುವ ಸಾಧ್ಯತೆಯೂ ಇದೆ, ಆದ್ದರಿಂದ ಹೆಜ್ಜೆಗಳಿಗೆ ಒಂದು ಮಿತಿ ಇಡಿ.

ತೊಡಕು ಇರುವುದು ಹಿಂಬಾಲಿಸುತ್ತಿರುವಾಗಲೇ ಗೆರೆಗಳು ಬದಲಾಗುವುದರಲ್ಲಿ. ಮೊದಲ ಹೆಜ್ಜೆಯಲ್ಲಿ ನೋಡಿದ ಗೆರೆ ಮೂರನೆಯ ಹೆಜ್ಜೆ ಇಡುವಾಗ ಇಲ್ಲದಿರಬಹುದು, ಆಗ ಎಂದೂ ಏಕಕಾಲಕ್ಕೆ ಇರದಿದ್ದ ಸುತ್ತೊಂದು ‘ಕಂಡು’ಬಿಡುತ್ತದೆ. ಎಲ್ಲವನ್ನೂ ನಿಲ್ಲಿಸಿ ನೋಡುವುದು ಒಂದು ದಾರಿ, ಥ್ರೆಡ್ ಡಂಪ್ (ಎಲ್ಲ ಥ್ರೆಡ್‌ಗಳ ಸ್ಥಿತಿಯ ಪಟ್ಟಿ) ತೆಗೆಯುವಾಗ ಜಾವಾದ ರನ್‌ಟೈಮ್ ಆದ ಜೆವಿಎಂ ಹಾಗೇ ಮಾಡುತ್ತದೆ. ಅಗ್ಗದ ದಾರಿ ಇನ್ನೊಂದಿದೆ. ಪ್ರತಿ ಟಾಸ್ಕ್‌ಗೆ ‘ಎಷ್ಟನೆಯ ಕಾಯುವಿಕೆ’ ಎಂಬ ಏರುವ ಸಂಖ್ಯೆ ಕೊಡಿ. ಸುತ್ತು ಸಿಕ್ಕಿದಾಗ ಸಂಖ್ಯೆಗಳನ್ನು ಬರೆದಿಟ್ಟುಕೊಂಡು ಇನ್ನೊಮ್ಮೆ ಅದೇ ದಾರಿ ನಡೆಯಿರಿ. ಎರಡೂ ಸಲ ಸಂಖ್ಯೆಗಳು ಒಂದೇ ಆಗಿದ್ದರೆ ಸುತ್ತು ನಿಜ. ನಿಜವಾದ ಡೆಡ್‌ಲಾಕ್ ಎಲ್ಲಿಗೂ ಓಡಿಹೋಗುವುದಿಲ್ಲ, ಎಷ್ಟು ಸಲ ನೋಡಿದರೂ ಅಲ್ಲೇ ಇರುತ್ತದೆ. ಗಡುವು ಅಥವಾ ರದ್ದತಿಯುಳ್ಳ ಕಾಯುವಿಕೆಗಳನ್ನು ಮಾತ್ರ ಗ್ರಾಫ್‌ಗೆ ಸೇರಿಸಬೇಡಿ, ಅವು ತಾವಾಗಿ ಬಿಡಿಸಿಕೊಳ್ಳಬಲ್ಲವು.

ಪ್ರತಿ ಲಾಕ್‌ಗೂ ಕಾಯಲು ಶುರುವಾದ ಕೂಡಲೇ ಈ ನಡಿಗೆ ಬೇಕಿಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಈ ವಿಷಯದಲ್ಲಿ ಜಾಣ. ಲಾಕ್‌ಗಾಗಿ 1 ಸೆಕೆಂಡ್ ಕಾದ ಮೇಲೆಯೇ ಅದು ಸುತ್ತು ಹುಡುಕುತ್ತದೆ, ಬಹುಪಾಲು ಕಾಯುವಿಕೆಗಳು ಅಷ್ಟರೊಳಗೆ ಮುಗಿದಿರುತ್ತವೆ. ಭಾಷೆಯ ರನ್‌ಟೈಮ್‌ಗೂ ಇದೇ ಅಳತೆ ಸಾಕು.

ಇನ್ನು ಈ ವಿಧಾನ ಎಲ್ಲಿ ಮುರಿಯುತ್ತದೆ ನೋಡಿ. ಗೋದ ಮ್ಯೂಟೆಕ್ಸ್ ಯಾವ ಗೋರುಟೀನ್‌ಗೂ ಸೇರಿದ್ದಲ್ಲ. ಒಂದು ಗೋರುಟೀನ್ ಹಾಕಿದ ಲಾಕನ್ನು ಇನ್ನೊಂದು ಬಿಡಬಹುದು ಎಂದು ದಾಖಲೆಯಲ್ಲೇ ಹೇಳಿದ್ದಾರೆ. ಆ ಒಂದು ನಿರ್ಧಾರದಿಂದ ‘ಒಡೆಯ’ ಎಂಬ ಕಲ್ಪನೆ ಮಾಯವಾಯಿತು, ಅದರ ಜೊತೆ ಗ್ರಾಫ್ ಕೂಡ. ಹೊಸ ಭಾಷೆ ವಿನ್ಯಾಸ ಮಾಡುವವರು ಇದನ್ನು ಮೊದಲ ದಿನವೇ ತೀರ್ಮಾನಿಸಬೇಕು. ಹಾಕಿದವರೇ ಬಿಡಬೇಕು ಎಂಬ ನಿಯಮವನ್ನು ಆಮೇಲೆ ಸೇರಿಸಿದರೆ ಹಳೆಯ ಕೋಡ್ ಒಡೆಯುತ್ತದೆ.

‘ಸೆಲೆಕ್ಟ್’ನಂಥ ರಚನೆ ಬಂದಾಗ ಗಣಿತವೂ ಬದಲಾಗುತ್ತದೆ. ಮೂರು ಚಾನೆಲ್‌ಗಳಲ್ಲಿ ಯಾವುದಾದರೂ ಒಂದಕ್ಕೆ ಕಾಯುವ ಟಾಸ್ಕ್‌ನಿಂದ ಮೂರು ಗೆರೆಗಳು ಹೊರಡುತ್ತವೆ. ಅವುಗಳಲ್ಲಿ ಒಂದು ಸುತ್ತಿನಲ್ಲಿ ಸಿಕ್ಕಿದರೂ ಉಳಿದೆರಡರಿಂದ ಬಿಡುಗಡೆ ಸಿಗಬಹುದು. ಅಲ್ಲಿ ಸುತ್ತು ಕಂಡರೆ ಸಾಲದು, ಆ ಟಾಸ್ಕ್‌ನಿಂದ ತಲುಪಬಹುದಾದ ಪ್ರತಿಯೊಂದು ಟಾಸ್ಕ್ ಕೂಡ ಸಿಕ್ಕಿಬಿದ್ದಿದೆ ಎಂದು ತೋರಿಸಬೇಕು. ಅದಕ್ಕೆ ಮುಂದಿನ ವಿಧಾನವೇ ಹೆಚ್ಚು ಸಹಜ.

ಮೂರು: ಗಾರ್ಬೇಜ್ ಕಲೆಕ್ಟರ್ ಕೈಯಲ್ಲಿ ಕೇಳಿಸುವುದು

ಗಾರ್ಬೇಜ್ ಕಲೆಕ್ಟರ್ (ಜಿಸಿ) ಎಂದರೆ ಬಳಕೆಯಲ್ಲಿಲ್ಲದ ಮೆಮೊರಿ ಹುಡುಕಿ ಬಿಡಿಸುವ ರನ್‌ಟೈಮ್ ಭಾಗ. ಹ್ಯಾಸ್ಕೆಲ್ ಭಾಷೆಯ ಕಂಪೈಲರ್ ಜಿಎಚ್‌ಸಿ ಈ ದಾರಿ ಹಿಡಿದಿದೆ. ಒಂದು ಥ್ರೆಡ್ ಎಂವಾರ್ (ಒಂದೇ ಮೌಲ್ಯ ಹಿಡಿಯುವ ಪೆಟ್ಟಿಗೆ) ಒಂದಕ್ಕೆ ಕಾಯುತ್ತಿದೆ ಎನ್ನಿ. ಓಡಬಲ್ಲ ಯಾವ ಥ್ರೆಡ್‌ನಿಂದಲೂ, ಯಾವ ಜಾಗತಿಕ ಮೌಲ್ಯದಿಂದಲೂ ಆ ಎಂವಾರ್‌ಗೆ ದಾರಿಯೇ ಇಲ್ಲದಿದ್ದರೆ ಅದನ್ನು ಎಂದೂ ಯಾರೂ ತುಂಬಲಾರರು. ಇದನ್ನು ತಿಳಿಯಲು ಬೇರೆ ಯಂತ್ರ ಬೇಕಿಲ್ಲ, ಮೇಜರ್ ಜಿಸಿ (ಇಡೀ ಮೆಮೊರಿ ನೋಡುವ ಸುತ್ತು) ಮಾಡುವ ಗುರುತು ಹಾಕುವ ಕೆಲಸವೇ ಸಾಕು. ಕಾದಿರುವ ಥ್ರೆಡ್‌ಗಳನ್ನು ಬೇರುಗಳ (ಗುರುತು ಹಾಕುವುದು ಶುರುವಾಗುವ ಜಾಗಗಳ) ಪಟ್ಟಿಯಲ್ಲಿ ಸೇರಿಸದೆ ಗುರುತು ಹಾಕಿ, ಕೊನೆಗೆ ಗುರುತು ಸಿಗದೆ ಉಳಿದ ಥ್ರೆಡ್‌ಗಳಿಗೆ ‘ಬ್ಲಾಕ್ಡ್ ಇಂಡೆಫಿನಿಟ್ಲಿ’ ಎಂಬ ಎಕ್ಸೆಪ್ಷನ್ ಎಸೆಯುತ್ತದೆ. ಎಸ್‌ಟಿಎಂನಲ್ಲಿ (ಲಾಕ್ ಬದಲು ಮೆಮೊರಿ ವ್ಯವಹಾರ ಬಳಸುವ ವಿಧಾನದಲ್ಲಿ) ಕಾಯುವವರಿಗೂ ಇದೇ ಉಪಚಾರ.

ಚಾನೆಲ್ ಲೋಕದಲ್ಲಿ ಭಾಗಶಃ ಡೆಡ್‌ಲಾಕ್ ಹಿಡಿಯಬಲ್ಲ ವಿಧಾನ ಇದು. ಪ್ರೋಗ್ರಾಂನ ಉಳಿದ ಭಾಗ ಚೆನ್ನಾಗಿ ಓಡುತ್ತಿದ್ದರೂ ಮೂಲೆಯಲ್ಲಿ ಸಿಕ್ಕಿಬಿದ್ದ ಒಂದೇ ಥ್ರೆಡ್ ಪತ್ತೆಯಾಗುತ್ತದೆ. ಗೋ ಕೂಡ ಈಗ ಈ ದಿಕ್ಕಿಗೆ ಬಂದಿದೆ. 1.26ರಲ್ಲಿ ಸೋರಿಹೋದ (ಎಂದೂ ಏಳದೆ ಉಳಿದ) ಗೋರುಟೀನ್‌ಗಳನ್ನು ತೋರಿಸುವ ಪ್ರೊಫೈಲ್ ಒಂದನ್ನು ಪ್ರಯೋಗವಾಗಿ ಸೇರಿಸಿದ್ದಾರೆ, ಬಿಲ್ಡ್ ಸಮಯದಲ್ಲಿ ಗೋಎಕ್ಸ್‌ಪರಿಮೆಂಟ್ ಮೂಲಕ ಆನ್ ಮಾಡಬೇಕು. ಅದು ಎಕ್ಸೆಪ್ಷನ್ ಎಸೆಯುವುದಿಲ್ಲ, ವರದಿ ಮಾಡುತ್ತದೆ ಅಷ್ಟೇ. ನಮ್ಮ ಅಭಿಪ್ರಾಯದಲ್ಲಿ ಅದೇ ಸರಿ.

ಯಾಕೆ ಸರಿ ಎಂಬುದಕ್ಕೆ ಹ್ಯಾಸ್ಕೆಲ್‌ನ ಒಂದು ಮೂಲೆ ನೋಡಿ. ಮಗು ಥ್ರೆಡ್ ಒಂದು ಎಂವಾರ್‌ನಲ್ಲಿ ಸಿಕ್ಕಿಬಿದ್ದಿದೆ. ಅದು ಮುಗಿಯುವಾಗ, ಎಕ್ಸೆಪ್ಷನ್ ಬಂದರೂ ಕೂಡ, ‘ಫೈನಲಿ’ ಮೂಲಕ ಇನ್ನೊಂದು ಎಂವಾರ್ ತುಂಬಿ ಮೇನ್ ಅನ್ನು ಎಬ್ಬಿಸುವ ಏರ್ಪಾಡಿದೆ. ಮಗುವಿಗೆ ಎಕ್ಸೆಪ್ಷನ್ ಎಸೆದರೆ ಮೇನ್ ತಾನಾಗಿ ಏಳುತ್ತಿತ್ತು. ಆದರೆ ಜಿಸಿ ನೋಡಿದಾಗ ಮೇನ್, ಮಗು ಎರಡೂ ತಲುಪಲಾಗದ ಗುಂಪಿನಲ್ಲೇ ಇದ್ದವು, ಎಕ್ಸೆಪ್ಷನ್ ಎರಡಕ್ಕೂ ಬೀಳುತ್ತದೆ. ಏಟು ತಿನ್ನಬಾರದಿದ್ದ ಮೇನ್ ಕೂಡ ಸಾಯುತ್ತದೆ. ಅದಕ್ಕಾಗಿಯೇ ಈ ಎಕ್ಸೆಪ್ಷನ್ ಹಿಡಿದು ಪ್ರೋಗ್ರಾಂ ತರ್ಕ ಕಟ್ಟುವುದು ಬೇಡ. ಡೀಬಗ್ ಸಂಕೇತವಾಗಿ ಮಾತ್ರ ನೋಡಿ.

ತಪ್ಪಿಸಿಕೊಳ್ಳುವ ಡೆಡ್‌ಲಾಕ್‌ಗಳೂ ಇವೆ. ಚಾನೆಲ್ ಅನ್ನು ಜಾಗತಿಕ ವೇರಿಯಬಲ್‌ನಲ್ಲೋ, ಎಂದೂ ಖಾಲಿಯಾಗದ ಮ್ಯಾಪ್‌ನಲ್ಲೋ ಇಟ್ಟಿದ್ದರೆ ಅದು ಯಾವಾಗಲೂ ‘ತಲುಪಬಹುದು’, ಕಳಿಸುವವರು ಒಬ್ಬರೂ ಇಲ್ಲದಿದ್ದರೂ ಕೂಡ. ಜಿಎಚ್‌ಸಿಯಲ್ಲಿ ಥ್ರೆಡ್‌ಐಡಿ ಹಿಡಿದಿಟ್ಟುಕೊಂಡರೂ ಹಾಗೆಯೇ, ಅದು ಥ್ರೆಡ್‌ಗೇ ಪಾಯಿಂಟರ್ ಇದ್ದಂತೆ. ಥ್ರೆಡ್‌ಗಳ ಪಟ್ಟಿ ಇಟ್ಟುಕೊಳ್ಳುವ ಸೂಪರ್‌ವೈಸರ್ ಬರೆದರೆ ದುರ್ಬಲ ಥ್ರೆಡ್‌ಐಡಿಯನ್ನೇ ಬಳಸಿ. ಮೇಜರ್ ಜಿಸಿ ನಡೆಯುವ ತನಕ ಪತ್ತೆಯೂ ಇಲ್ಲ. ಥ್ರೆಡೆಡ್ ರನ್‌ಟೈಮ್‌ನಲ್ಲಿ ಕೆಲಸವಿಲ್ಲದೆ 0.3 ಸೆಕೆಂಡ್ ಕಳೆದರೆ ಐಡಲ್ ಜಿಸಿ ಓಡುತ್ತದೆ. ವಿದ್ಯುತ್ ಉಳಿಸಲೆಂದು ಅದನ್ನು ಆರಿಸಿದವರು ಡೆಡ್‌ಲಾಕ್ ಪತ್ತೆಯನ್ನೂ ತಡಮಾಡಿಕೊಂಡಂತಾಯಿತು. ಒಟ್ಟಿನಲ್ಲಿ ಈ ವಿಧಾನ ಕೆಲವನ್ನು ಬಿಡುತ್ತದೆ, ಆದರೆ ಹಿಡಿದದ್ದು ಸುಳ್ಳಾಗುವುದಿಲ್ಲ. ಜಿಸಿ ಇಲ್ಲದ ಭಾಷೆಗಳಿಗೆ ಈ ದಾರಿ ಮುಚ್ಚಿದೆ.

ನಾಲ್ಕು: ಆಗುವ ಮೊದಲೇ ಹಿಡಿಯುವ ಲಾಕ್ ಕ್ರಮ

ಮೇಲಿನ ಮೂರೂ ಡೆಡ್‌ಲಾಕ್ ಆದ ಮೇಲೆ ಹೇಳುತ್ತವೆ. ಲಾಕ್ ಕ್ರಮದ ಪರೀಕ್ಷೆ, ಎ ಹಿಡಿದು ಬಿ ಕೇಳಿದ್ದನ್ನು ಒಂದು ಕಡೆ, ಬಿ ಹಿಡಿದು ಎ ಕೇಳಿದ್ದನ್ನು ಇನ್ನೊಂದು ಕಡೆ ನೋಡಿದರೆ ಸಾಕು, ಎರಡೂ ಬೇರೆ ಬೇರೆ ಗಂಟೆಯಲ್ಲಿ ನಡೆದಿದ್ದರೂ ಎಚ್ಚರಿಸುತ್ತದೆ. ಲಿನಕ್ಸ್ ಕರ್ನಲ್‌ನಲ್ಲಿ 2006ರ 2.6.18ರಿಂದ ಇರುವ ಲಾಕ್‌ಡೆಪ್ ಇದರ ಹಿರಿಯ. ಸಿ, ಸಿ++ಗೆ ಥ್ರೆಡ್‌ಸ್ಯಾನಿಟೈಸರ್, ವಾಲ್‌ಗ್ರಿಂಡ್‌ನ ಹೆಲ್‌ಗ್ರಿಂಡ್ ಇವೆ. ಥ್ರೆಡ್‌ಸ್ಯಾನಿಟೈಸರ್ ಹಾಕಿದರೆ ಪ್ರೋಗ್ರಾಂ ಸಾಮಾನ್ಯವಾಗಿ 5ರಿಂದ 15 ಪಟ್ಟು ನಿಧಾನ, ಮೆಮೊರಿ 5ರಿಂದ 10 ಪಟ್ಟು. ಟೆಸ್ಟ್ ಯಂತ್ರಕ್ಕೆ ಸರಿ, ಪ್ರೊಡಕ್ಷನ್‌ಗೆ ಇಲ್ಲ.

ಲಾಕ್‌ಡೆಪ್‌ನ ಮುಖ್ಯ ಜಾಣ್ಮೆ ಲಾಕ್‌ಗಳನ್ನು ವರ್ಗಗಳಾಗಿ ನೋಡುವುದು. ಹತ್ತು ಸಾವಿರ ಇನೋಡ್‌ಗಳ (ಫೈಲ್‌ಗಳ ದಾಖಲೆಗಳ) ಹತ್ತು ಸಾವಿರ ಲಾಕ್ ಅದಕ್ಕೆ ಒಂದೇ ವರ್ಗ, ಹಾಗಾಗಿ ಒಂದು ಜೋಡಿಯಲ್ಲಿ ಕಂಡ ತಪ್ಪು ಎಲ್ಲಕ್ಕೂ ಅನ್ವಯ. ಬೆಲೆಯೂ ಅಲ್ಲೇ ತೆರಬೇಕು. ಮರದ ರಚನೆಯಲ್ಲಿ ತಾಯಿ ನೋಡ್ ಹಿಡಿದು ಮಗು ನೋಡ್ ಹಿಡಿಯುವುದು ಪೂರ್ತಿ ಸುರಕ್ಷಿತ, ಆದರೆ ಎರಡೂ ಒಂದೇ ವರ್ಗವಾದ್ದರಿಂದ ಗದ್ದಲ ಮಾಡುತ್ತದೆ. ಅಂಥ ಕಡೆ ‘ಇದು ಒಂದು ಹಂತ ಒಳಗಿನದು’ ಎಂದು ಕೈಯಾರೆ ಗುರುತು ಹಾಕಬೇಕು. ಮೊದಲ ದೂರು ಬಂದ ಕೂಡಲೇ ಲಾಕ್‌ಡೆಪ್ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ ಎಂಬುದೂ ನೆನಪಿರಲಿ: ಒಂದು ಸುಳ್ಳು ದೂರನ್ನು ಸರಿಪಡಿಸದೆ ಬಿಟ್ಟರೆ ಅದರ ಹಿಂದಿನ ನಿಜವಾದವು ಎಂದೂ ಕಾಣುವುದಿಲ್ಲ.

ಹಗುರ ಟಾಸ್ಕ್‌ಗಳ ರನ್‌ಟೈಮ್‌ಗೆ ಇದನ್ನು ತರುವಾಗ ಎಲ್ಲರೂ ಎಡವುವ ಕಲ್ಲು ಒಂದಿದೆ. ‘ಈಗ ಹಿಡಿದಿರುವ ಲಾಕ್‌ಗಳು’ ಎಂಬ ಪಟ್ಟಿಯನ್ನು ಓಎಸ್ ಥ್ರೆಡ್‌ನ ಸ್ಥಳೀಯ ಮೆಮೊರಿಯಲ್ಲಿ ಇಟ್ಟರೆ, ಟಾಸ್ಕ್ ಒಂದು ವರ್ಕರ್‌ನಿಂದ ಇನ್ನೊಂದಕ್ಕೆ ಹಾರಿದಾಗ ಪಟ್ಟಿ ಹಿಂದೆಯೇ ಉಳಿಯುತ್ತದೆ. ಮುಂದಿನ ಟಾಸ್ಕ್‌ನ ತಲೆಗೆ ಹಳೆಯದರ ಲಾಕ್‌ಗಳು ಕಟ್ಟಿಕೊಳ್ಳುತ್ತವೆ, ಅರ್ಥವಿಲ್ಲದ ಎಚ್ಚರಿಕೆಗಳ ಮಳೆ. ಪಟ್ಟಿ ಟಾಸ್ಕ್‌ನ ಒಳಗೇ ಇರಬೇಕು. ಥ್ರೆಡ್‌ಸ್ಯಾನಿಟೈಸರ್ ಬಳಸುವುದಾದರೆ ಪ್ರತಿ ಸ್ಟ್ಯಾಕ್ ಬದಲಾವಣೆಯಲ್ಲೂ ಅದರ ಫೈಬರ್ ಬದಲಿಸುವ ಕರೆಯನ್ನು ಮಾಡಬೇಕು.

ರೀಡ್ ಲಾಕ್‌ಗಳನ್ನೂ ಬಿಡಬೇಡಿ. ಒಂದು ಗೋರುಟೀನ್ ರೀಡ್ ಲಾಕ್ ಹಿಡಿದಿದೆ, ಇನ್ನೊಂದು ರೈಟ್ ಲಾಕ್‌ಗೆ ಸಾಲಿನಲ್ಲಿದೆ, ಮೊದಲನೆಯದು ಒಳಗಿನ ಫಂಕ್ಷನ್‌ನಲ್ಲಿ ಮತ್ತೆ ಅದೇ ರೀಡ್ ಲಾಕ್ ಕೇಳಿತು. ಬರೆಯುವವರು ಕಾದಿರುವಾಗ ಹೊಸ ಓದುಗರಿಗೆ ಗೋದಲ್ಲಿ ಪ್ರವೇಶವಿಲ್ಲ, ಇಬ್ಬರೂ ಸಿಕ್ಕಿಬಿದ್ದರು. ಬರೆಯುವವರು ಅಪರೂಪವಾಗಿದ್ದರೆ ಈ ಬಗ್ ತಿಂಗಳುಗಟ್ಟಲೆ ಮಲಗಿರುತ್ತದೆ. ಅದನ್ನು ಮೊದಲೇ ಹಿಡಿಯಲು ಕ್ರಮದ ಪರೀಕ್ಷೆಯಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ.

ಐದು: ಗಡುವು

ಇದನ್ನು ಪತ್ತೆ ಎನ್ನುವುದಕ್ಕಿಂತ ಅನುಮಾನ ಎನ್ನಬೇಕು. ಎರ್ಲಾಂಗ್ ಭಾಷೆಯ ಜೆನ್‌ಸರ್ವರ್ (ಕೋರಿಕೆಗೆ ಉತ್ತರಿಸುವ ಪ್ರೋಸೆಸ್‌ನ ಮಾದರಿ) ಕರೆಗೆ ಸಾಮಾನ್ಯ ಗಡುವು 5000 ಮಿಲಿಸೆಕೆಂಡ್. ಎರಡು ಸರ್ವರ್‌ಗಳು ಒಂದನ್ನೊಂದು ಕರೆದು ಸಿಕ್ಕಿಬಿದ್ದರೆ 5 ಸೆಕೆಂಡಿಗೆ ಕರೆ ವಿಫಲವಾಗಿ ಬಿಡುಗಡೆ. ತನ್ನನ್ನು ತಾನೇ ಕರೆದರೆ ಮಾತ್ರ ಗಡುವಿಗೂ ಕಾಯದೆ ತಕ್ಷಣ ದೋಷ. ಗೋದಲ್ಲಿ ‘ಗೋ-ಡೆಡ್‌ಲಾಕ್’ ಲೈಬ್ರರಿ ಮ್ಯೂಟೆಕ್ಸ್ ಜಾಗದಲ್ಲಿ ಕೂತು, 30 ಸೆಕೆಂಡ್‌ವರೆಗೂ ಲಾಕ್ ಸಿಗದಿದ್ದರೆ ವರದಿ ಮಾಡುತ್ತದೆ, ಲಾಕ್ ಕ್ರಮವನ್ನೂ ಜೊತೆಗೆ ನೋಡುತ್ತದೆ. ಪೈಥಾನ್‌ನಲ್ಲಿ ‘ಫಾಲ್ಟ್‌ಹ್ಯಾಂಡ್ಲರ್’ಗೆ ಇಷ್ಟು ಸೆಕೆಂಡ್ ಆದ ಮೇಲೆ ಎಲ್ಲ ಥ್ರೆಡ್‌ಗಳ ಸ್ಟ್ಯಾಕ್ ಸುರಿ ಎಂದು ಹೇಳಿಡಬಹುದು, ಟೆಸ್ಟ್‌ಗಳಿಗೆ ಹೇಳಿ ಮಾಡಿಸಿದಂತಿದೆ.

ಗಡುವಿನ ಗುಣ, ಅದಕ್ಕೆ ಕಾರಣ ಬೇಕಿಲ್ಲ: ಲಾಕ್, ಚಾನೆಲ್, ವರ್ಕರ್ ಕೊರತೆ ಮೂರಕ್ಕೂ ಬಡಿಯುತ್ತದೆ. ದೋಷವೂ ಅದೇ, ಡಿಸ್ಕ್ ನಿಧಾನವಾದರೂ ಬಡಿಯುತ್ತದೆ. ಎರಡು ಗಡುವು ಇಡಿ. ಚಿಕ್ಕದು ದಾಟಿದರೆ ಸ್ಟ್ಯಾಕ್ ಬರೆದಿಡಿ, ದೊಡ್ಡದು ದಾಟಿದರೆ ಮಾತ್ರ ಕೊಲ್ಲಿ. ಒಂದೇ ಇಟ್ಟರೆ, ಕೊಲ್ಲುವ ಭಯಕ್ಕೆ ಅದನ್ನು ಏರಿಸುತ್ತ ಹೋಗಿ ಕೊನೆಗೆ ಉಪಯೋಗಕ್ಕೆ ಬಾರದಂತೆ ಮಾಡಿಕೊಳ್ಳುತ್ತೀರಿ.

ಮೊದಲ ನಾಲ್ಕು ವಿಧಾನಗಳಿಗೂ ಕಾಣದ ವರ್ಕರ್ ಕೊರತೆ

ನಾಲ್ಕು ಕೋರ್‌ಗಳ ಯಂತ್ರದಲ್ಲಿ ಜಾವಾ 21 ಓಡುತ್ತಿದೆ, ವರ್ಚುಯಲ್ ಥ್ರೆಡ್‌ಗಳನ್ನು ಹೊರುವ ಕ್ಯಾರಿಯರ್‌ಗಳು ನಾಲ್ಕು. ನಾಲ್ಕು ವರ್ಚುಯಲ್ ಥ್ರೆಡ್‌ಗಳು ಸಿಂಕ್ರೊನೈಸ್ಡ್ ಬ್ಲಾಕ್ ಒಳಗಿನಿಂದ ಒಂದು ರೀಎಂಟ್ರೆಂಟ್‌ಲಾಕ್‌ಗೆ ಕಾಯುತ್ತಿವೆ. ಸಿಂಕ್ರೊನೈಸ್ಡ್ ಒಳಗಿರುವುದರಿಂದ ಅವು ಕ್ಯಾರಿಯರ್ ಬಿಟ್ಟು ಇಳಿಯುವಂತಿಲ್ಲ. ಲಾಕ್ ಹಿಡಿದಿದ್ದವರು ಬಿಟ್ಟರು, ಸರದಿ ಐದನೆಯ ವರ್ಚುಯಲ್ ಥ್ರೆಡ್‌ಗೆ ಬಂತು. ಅದು ಓಡಲು ಸಿದ್ಧ, ಆದರೆ ಹತ್ತಲು ಕ್ಯಾರಿಯರ್ ಖಾಲಿ ಇಲ್ಲ. ಈಗ ಥ್ರೆಡ್ ಡಂಪ್ ತೆಗೆಯಿರಿ: ನಾಲ್ಕು ಥ್ರೆಡ್ ಒಂದು ಲಾಕ್‌ಗೆ ಕಾಯುತ್ತಿವೆ, ಆ ಲಾಕ್‌ಗೆ ಒಡೆಯನೇ ಇಲ್ಲ. ಗ್ರಾಫ್‌ನಲ್ಲಿ ಸುತ್ತಿಲ್ಲ. ಕ್ಯೂನಲ್ಲಿ ಕೆಲಸ ಇರುವುದರಿಂದ ಎಣಿಕೆಯೂ ಸುಮ್ಮನೆ. 2025ರ ಮಾರ್ಚ್‌ನಲ್ಲಿ ಬಂದ ಜಾವಾ 24 ಸಿಂಕ್ರೊನೈಸ್ಡ್ ಕಾರಣದ ಈ ಅಂಟನ್ನು ಬಿಡಿಸಿತು, ನೇಟಿವ್ ಕೋಡ್ ಮೂಲಕ ಅಂಟುವುದು ಈಗಲೂ ಇದೆ.

ರಸ್ಟ್‌ನಲ್ಲಿ ಇದರ ತಮ್ಮ ಹೀಗಿರುತ್ತಾನೆ. ಅಸಿಂಕ್ ಟಾಸ್ಕ್ ಓಡಿಸುವ ಟೋಕಿಯೋ ಲೈಬ್ರರಿಯ ಒಂಟಿ ಥ್ರೆಡ್ ರನ್‌ಟೈಮ್‌ನಲ್ಲಿ ಒಂದು ಟಾಸ್ಕ್ ಸ್ಟ್ಯಾಂಡರ್ಡ್ ಮ್ಯೂಟೆಕ್ಸ್ ಹಿಡಿದೇ ಅವೇಟ್ ಮಾಡಿತು (ಥ್ರೆಡ್ ಬಿಟ್ಟುಕೊಟ್ಟು ಕಾಯತೊಡಗಿತು), ಇನ್ನೊಂದು ಬಂದು ಅದೇ ಮ್ಯೂಟೆಕ್ಸ್ ಕೇಳಿ ಇದ್ದೊಂದು ಥ್ರೆಡ್ಡನ್ನೂ ತಡೆಯಿತು. ಮೊದಲನೆಯದನ್ನು ಮತ್ತೆ ಓಡಿಸುವವರಿಲ್ಲ. ರಸ್ಟ್ ಕೋಡ್ ಪರೀಕ್ಷಕ ಕ್ಲಿಪ್ಪಿಯ ‘ಅವೇಟ್ ಹೋಲ್ಡಿಂಗ್ ಲಾಕ್’ ಎಚ್ಚರಿಕೆ ಇದನ್ನು ಬಿಲ್ಡ್ ಹಂತದಲ್ಲೇ ಹಿಡಿಯುತ್ತದೆ, ಸಿಐನಲ್ಲಿ (ಬಿಲ್ಡ್, ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ವ್ಯವಸ್ಥೆಯಲ್ಲಿ) ಅದನ್ನು ದೋಷವಾಗಿ ಏರಿಸಿಡಿ.

ಪತ್ತೆ ಸರಳ: ವರ್ಕರ್ ಅಲ್ಲದ ಒಂದು ಕಾವಲು ಥ್ರೆಡ್ ಬೇಕು. ಪ್ರತಿ ವರ್ಕರ್ ಟಾಸ್ಕ್ ಬದಲಿಸಿದಾಗಲೆಲ್ಲ ತನ್ನ ಕೌಂಟರ್ ಏರಿಸಲಿ. ಕ್ಯೂ ಖಾಲಿ ಇಲ್ಲ, ಯಾವ ಕೌಂಟರೂ ಒಂದು ಸೆಕೆಂಡಿನಿಂದ ಏರಿಲ್ಲ, ವರ್ಕರ್‌ಗಳೆಲ್ಲ ಓಎಸ್ ಮಟ್ಟದಲ್ಲಿ ಬ್ಲಾಕ್ ಆಗಿವೆ ಎಂದರೆ ಅದು ಕೊರತೆ. ಮೂರನೆಯ ಷರತ್ತು ಬಿಟ್ಟರೆ ಭಾರಿ ಲೆಕ್ಕಾಚಾರ ಮಾಡುತ್ತಿರುವ ವರ್ಕರ್‌ಗಳನ್ನೂ ದೂರುತ್ತೀರಿ.

ಹಾಗಾದರೆ ಯಾವುದು?

ಹೊಸ ರನ್‌ಟೈಮ್ ಬರೆಯುತ್ತಿದ್ದರೆ ಎಣಿಕೆಯನ್ನು ಮೊದಲ ಆವೃತ್ತಿಯಲ್ಲೇ ಹಾಕಿ, ಖರ್ಚಿಲ್ಲ, ಕಲಿಯುವವರಿಗೆ ದೊಡ್ಡ ಉಪಕಾರ. ಕಾವಲು ಥ್ರೆಡ್ಡನ್ನೂ ಜೊತೆಗೇ ಹಾಕಿ. ಆಮೇಲಿನದು ಭಾಷೆಯ ಸ್ವಭಾವ. ಜಿಸಿ ಇದ್ದು ಚಾನೆಲ್ ಪ್ರಧಾನವಾಗಿದ್ದರೆ ಮೂರನೆಯದು. ಲಾಕ್ ಪ್ರಧಾನವಾಗಿದ್ದರೆ ಲಾಕ್‌ಗೆ ಒಡೆಯನನ್ನು ಕಡ್ಡಾಯ ಮಾಡಿ ಎರಡನೆಯದು. ಎರಡನ್ನೂ ಒಟ್ಟಿಗೆ ಕಟ್ಟಲು ಹೋದರೆ ಒಂದೂ ಸರಿಯಾಗಿ ಮುಗಿಯುವುದಿಲ್ಲ.

ಇರುವ ಭಾಷೆಯಲ್ಲಿ ಸರ್ವರ್ ಓಡಿಸುತ್ತಿದ್ದರೆ ಆಯ್ಕೆ ಹೆಚ್ಚಿಲ್ಲ. ಟೆಸ್ಟ್‌ನಲ್ಲಿ ಲಾಕ್ ಕ್ರಮ, ಗೋರುಟೀನ್ ಸೋರಿಕೆಗೆ ಗೋಲೀಕ್ ಲೈಬ್ರರಿ ಅಥವಾ ಸಿಂಕ್‌ಟೆಸ್ಟ್‌ನಂಥದ್ದು, ಪ್ರೊಡಕ್ಷನ್‌ನಲ್ಲಿ ಎರಡು ಹಂತದ ಗಡುವು. ಜಾವಾದಲ್ಲಿ ಪ್ಲಾಟ್‌ಫಾರ್ಮ್ ಥ್ರೆಡ್‌ಗಳೇ ಇದ್ದರೆ ‘ಫೈಂಡ್‌ಡೆಡ್‌ಲಾಕ್ಡ್‌ಥ್ರೆಡ್ಸ್’ ಅನ್ನು ನಿಮಿಷಕ್ಕೊಮ್ಮೆ ಕರೆಯಿರಿ. ಅದು ದುಬಾರಿ ಕರೆ, ಪ್ರತಿ ರಿಕ್ವೆಸ್ಟ್‌ಗೆ ಬೇಡ. ಗೋದಲ್ಲಿ ಗೋರುಟೀನ್‌ಗಳ ಸಂಖ್ಯೆಯನ್ನು ಗ್ರಾಫ್ ಮಾಡಿ. ಟ್ರಾಫಿಕ್ ಇಳಿದ ಮೇಲೂ ಇಳಿಯದ ಗೆರೆ ಕಂಡರೆ ಸಿಗ್‌ಕ್ವಿಟ್ ಸಿಗ್ನಲ್ ಕಳಿಸಿ ಎಲ್ಲ ಸ್ಟ್ಯಾಕ್ ತೆಗೆಯಿರಿ, ಪ್ರೋಸೆಸ್ ಉಳಿಯಬೇಕಿದ್ದರೆ ಗೋದ ಪ್ರೊಫೈಲರ್ ಪಿಪ್ರೊಫ್‌ನ ಗೋರುಟೀನ್ ಪುಟದಿಂದ ತೆಗೆಯಿರಿ. ಒಂದು ನಿಮಿಷ ದಾಟಿದ ಕಾಯುವಿಕೆಗೆ ಎಷ್ಟು ನಿಮಿಷ ಎಂದು ಪಕ್ಕದಲ್ಲೇ ಬರೆದಿರುತ್ತದೆ. ಒಂದೇ ಸಾಲಿನಲ್ಲಿ, ನಿಮಿಷಗಳ ಸಂಖ್ಯೆ ಮಾತ್ರ ಏರುಪೇರಾಗಿ ಹತ್ತಾರು ಗೋರುಟೀನ್ ಕಂಡರೆ ಅಲ್ಲೇ ಸೋರಿಕೆ. ‘ಕ್ರಿಯೇಟೆಡ್ ಬೈ’ ಸಾಲು ಅದನ್ನು ಹುಟ್ಟಿಸಿದ ಜಾಗ ತೋರಿಸುತ್ತದೆ.

ಪತ್ತೆಯಾದ ಮೇಲೆ ಏನು ಮಾಡಬೇಕು ಎಂಬುದರಲ್ಲಿ ನಮ್ಮ ಒಲವು ಸ್ಪಷ್ಟ. ಡೇಟಾಬೇಸ್ ಒಂದು ವ್ಯವಹಾರವನ್ನು ರದ್ದು ಮಾಡಿ ಹಿಂದಿನ ಸ್ಥಿತಿಗೆ ಮರಳಬಲ್ಲದು, ಭಾಷೆಯ ರನ್‌ಟೈಮ್‌ಗೆ ಆ ಸೌಕರ್ಯವಿಲ್ಲ. ಒಬ್ಬರ ಲಾಕ್ ಕಿತ್ತು ಇನ್ನೊಬ್ಬರಿಗೆ ಕೊಟ್ಟರೆ ಅರ್ಧ ಬದಲಾದ ಡೇಟಾ ಕೈಗೆ ಬರುತ್ತದೆ. ಪೂರ್ತಿ ಡೆಡ್‌ಲಾಕ್ ಆದರೆ ಪ್ರೋಸೆಸ್ ಕೊಲ್ಲಿ, ಭಾಗಶಃ ಆದರೆ ವರದಿ ಮಾಡಿ. ವರದಿಯಲ್ಲಿ ಪ್ರತಿ ಟಾಸ್ಕ್‌ಗೂ ಎಲ್ಲಿ ಕಾಯುತ್ತಿದೆ, ಎಷ್ಟು ಹೊತ್ತಿನಿಂದ, ಎಲ್ಲಿ ಹುಟ್ಟಿತು, ಒಡೆಯನಿದ್ದರೆ ಅವನು ಲಾಕ್ ಹಿಡಿದ ಜಾಗ ಯಾವುದು, ಇಷ್ಟಿರಲಿ. ಕೊನೆಯದನ್ನು ಬಹಳ ಉಪಕರಣಗಳು ಬಿಡುತ್ತವೆ, ಸರಿಪಡಿಸಲು ಬೇಕಾಗುವುದು ಅದೇ.

ಪತ್ತೆಯ ಕೋಡ್‌ಗೂ ಟೆಸ್ಟ್ ಬೇಕು. ಬೇಕೆಂದೇ ಸಿಕ್ಕಿಬೀಳುವ ಪ್ರೋಗ್ರಾಂಗಳನ್ನು ರೆಪೊಸಿಟರಿಯಲ್ಲಿ ಇಡಿ: ತನ್ನ ಲಾಕ್ ತಾನೇ ಮತ್ತೆ ಕೇಳುವುದು, ಎರಡು ಲಾಕ್ ತಿರುಗುಮುರುಗು, ರೀಡ್ ಲಾಕ್ ಮರುಕೇಳುವುದು, ಟೈಮರ್ ಪಕ್ಕದಲ್ಲಿ ಕಳಿಸುವವರಿಲ್ಲದ ಚಾನೆಲ್, ವರ್ಕರ್‌ಗಳೆಲ್ಲ ಕಾದು ಕುಳಿತ ಪೂಲ್. ಅದಕ್ಕಿಂತ ಹೆಚ್ಚಿನ ಸಂಖ್ಯೆಯಲ್ಲಿ, ಸಿಕ್ಕಿಬಿದ್ದಂತೆ ಕಂಡು ಕೊನೆ ಗಳಿಗೆಯಲ್ಲಿ ಹೊರಗಿನ ಕಾಲ್‌ಬ್ಯಾಕ್‌ನಿಂದ ಏಳುವ ಪ್ರೋಗ್ರಾಂಗಳಿರಲಿ. ಮೊದಲ ಗುಂಪನ್ನು ಒಂದೊಂದು ಸಲ ಓಡಿಸಿದರೆ ಸಾಕು. ಎರಡನೆಯದನ್ನು, ಮಲಗುವ ಮತ್ತು ಎಬ್ಬಿಸುವ ಜಾಗಗಳಲ್ಲಿ ಯಾದೃಚ್ಛಿಕ ವಿಳಂಬ ತೂರಿಸಿ, ಪ್ರತಿ ಬಿಲ್ಡ್‌ಗೂ ಸಾವಿರಾರು ಸಲ ಓಡಿಸಿ.